ಜಾರ್ಜ್ ಬಾರ್ಬರ್: ಸಣ್ಣ ಊರಿನಲ್ಲಿ ಕೂತು ದೇಶಕ್ಕೆಲ್ಲ ಮನೆಯ ನಕ್ಷೆ ಕಳಿಸಿದ ಆರ್ಕಿಟೆಕ್ಟ್ – ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬಾರ್ಬರ್ ಯಾರು?

ಜಾರ್ಜ್ ಫ್ರಾಂಕ್ಲಿನ್ ಬಾರ್ಬರ್ (1854–1915) ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಕಚೇರಿ ಇಟ್ಟಿದ್ದ ಆರ್ಕಿಟೆಕ್ಟ್. ಹುಟ್ಟಿದ್ದು ಇಲಿನಾಯ್ ರಾಜ್ಯದ ಡಿಕಾಲ್ಬ್‌ನಲ್ಲಿ, ಬೆಳೆದದ್ದು ಕ್ಯಾನ್ಸಸ್‌ನ ಮಾರ್ಮಟನ್ ಬಳಿಯ ಹೊಲಮನೆಯಲ್ಲಿ, ಅಕ್ಕನ ಸಂಸಾರದ ಜೊತೆ. ದೊಡ್ಡ ನಗರದ ಹೆಸರಾಂತ ಕಚೇರಿಯಲ್ಲಿ ದುಡಿದವನಲ್ಲ. ಅರಮನೆಯನ್ನಾಗಲಿ ವಿಧಾನಭವನವನ್ನಾಗಲಿ ಕಟ್ಟಿ ಹೆಸರು ಮಾಡಿದವನೂ ಅಲ್ಲ. ಆತನ ಕಸುಬು ಮನೆ. ಅದರಲ್ಲೂ ಅಂಗಡಿಯವರು, ವಕೀಲರು, ಡಾಕ್ಟರು, ಮರದ ವ್ಯಾಪಾರಿಗಳು ಕಟ್ಟಿಸುವಂಥ ಮನೆ. ಅದರ ನಕ್ಷೆಯನ್ನು ಅಂಚೆಯಲ್ಲಿ ಮಾರಿದ್ದು ಆತನ ವಿಶೇಷ.

ಊರು ಎಷ್ಟು ಸಣ್ಣದು?

1880ರ ಜನಗಣತಿಯಲ್ಲಿ ನಾಕ್ಸ್‌ವಿಲ್‌ನ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. 1890ಕ್ಕೆ ಸುಮಾರು 22,500, 1900ಕ್ಕೆ 32,600ರ ಆಸುಪಾಸು. ರೈಲು ಬಂದದ್ದು 1855ರಲ್ಲಿ. ಸುತ್ತಲ ಬೆಟ್ಟಗಳಿಂದ ಮರ, ಊರ ಪಕ್ಕದ ಗಣಿಗಳಿಂದ ಅಮೃತಶಿಲೆ. ಹೀಗಾಗಿ ಕಟ್ಟಡದ ಸಾಮಾನಿಗೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಗಿರಾಕಿಗೆ. ಇಷ್ಟು ದೊಡ್ಡ ಊರಿನಲ್ಲಿ ಕೋರ್ಟು ಕಟ್ಟಡ ಒಂದು ತಲೆಮಾರಿಗೆ ಒಂದು. ಶಾಲೆ, ಚರ್ಚು, ಬ್ಯಾಂಕು ಸೇರಿದರೂ ವರ್ಷಕ್ಕೆ ಬೆರಳೆಣಿಕೆ. ಬೆಂಕಿ ಬಿದ್ದಾಗ ಮಾತ್ರ ಒಮ್ಮೆಲೇ ಕೆಲಸ ಬರುತ್ತಿತ್ತು. 1897ರ ಏಪ್ರಿಲ್‌ನಲ್ಲಿ ಊರಿನ ಮುಖ್ಯ ವ್ಯಾಪಾರದ ಬೀದಿಯಾದ ಗೇ ಸ್ಟ್ರೀಟಿನ ಒಂದು ಭಾಗವೇ ಸುಟ್ಟುಹೋದ ಮೇಲೆ ಅಲ್ಲಿ ಹೊಸ ಕಟ್ಟಡಗಳು ಸಾಲಾಗಿ ಎದ್ದವು. ಬೆಂಕಿಗೆ ಕಾಯುತ್ತ ಕೂರುವುದು ಕಸುಬಲ್ಲವಲ್ಲ! ಅಂಥ ಊರಿನ ಆರ್ಕಿಟೆಕ್ಟ್ ಒಂದೋ ಕಂಟ್ರಾಕ್ಟರಿಕೆಯನ್ನೂ ಮಾಡಬೇಕು, ಇಲ್ಲವೇ ಅಕ್ಕಪಕ್ಕದ ಹತ್ತು ಊರುಗಳಿಗೆ ರೈಲು ಹತ್ತಿ ತಿರುಗಬೇಕು. ಬಾರ್ಬರ್ ಮೂರನೆಯ ದಾರಿ ಹಿಡಿದ.

ಆತ ಕಾಲೇಜಿನಲ್ಲಿ ಓದಿದ್ದನೇ?

ಇಲ್ಲ. ಕ್ಯಾನ್ಸಸ್‌ನಲ್ಲಿದ್ದಾಗ ನಕ್ಷೆ ಪುಸ್ತಕಗಳನ್ನು ಅಂಚೆಯಲ್ಲಿ ತರಿಸಿ ಕಲಿತ. ಅಂಚೆಯಲ್ಲಿ ಕಲಿತವನು ಅಂಚೆಯಲ್ಲೇ ಮಾರಿದ ಎನ್ನಬಹುದು. 1884ರ ಹೊತ್ತಿಗೆ ಡಿಕಾಲ್ಬ್‌ಗೆ ಮರಳಿ ಅಣ್ಣನ ಕಟ್ಟಡ ಕಂಟ್ರಾಕ್ಟಿನ ಸಂಸ್ಥೆ ಸೇರಿದ. ಡಿಕಾಲ್ಬ್ ಆಗ ಮುಳ್ಳುತಂತಿಯ ಊರು. ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಆ ತಂತಿ ಊರಿಗೆ ಹಣ ತಂದಿತ್ತು, ಹಣ ಬಂದಲ್ಲಿ ಮನೆ ಕಟ್ಟಿಸುವವರೂ ಇರುತ್ತಾರೆ.

ಓದಿಲ್ಲದ್ದು ಆಗ ಅಂಥ ಕೊರತೆಯೇನಲ್ಲ. ಬಾಸ್ಟನ್‌ನ ಎಂಐಟಿಯಲ್ಲಿ ವಾಸ್ತುವಿನ್ಯಾಸದ ತರಗತಿ ಶುರುವಾದದ್ದೇ 1868ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಿಂದ ಈ ವಿಷಯದ ಮೊದಲ ಪದವೀಧರ ಹೊರಬಂದದ್ದು 1873ರಲ್ಲಿ. ಸಣ್ಣ ಊರುಗಳಲ್ಲಿ ಬಡಗಿ ಮೇಸ್ತ್ರಿಯಾಗಿ, ಮೇಸ್ತ್ರಿ ಕಂಟ್ರಾಕ್ಟರ್ ಆಗಿ, ಕಂಟ್ರಾಕ್ಟರ್ ಒಂದು ದಿನ ಬಾಗಿಲಿಗೆ ‘ಆರ್ಕಿಟೆಕ್ಟ್’ ಎಂಬ ಫಲಕ ನೇತುಹಾಕುವುದೇ ರೂಢಿ.

ಲೈಸೆನ್ಸ್ ಬೇಡವೇ?

ಬೇಡ. ಆರ್ಕಿಟೆಕ್ಟರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಇಲಿನಾಯ್, 1897ರಲ್ಲಿ. ಬಾರ್ಬರ್ ಅಷ್ಟರಲ್ಲಿ ಇಲಿನಾಯ್ ಬಿಟ್ಟು ಎಂಟೊಂಬತ್ತು ವರ್ಷವಾಗಿತ್ತು.

ಆರ್ಕಿಟೆಕ್ಟ್‌ಗೆ ಸಂಬಳ ಹೇಗೆ ಲೆಕ್ಕವಾಗುತ್ತಿತ್ತು?

1857ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಆರ್ಕಿಟೆಕ್ಟರ ರಾಷ್ಟ್ರೀಯ ಸಂಘ ಒಂದು ದರಪಟ್ಟಿ ಮಾಡಿತ್ತು. ಕಟ್ಟಡದ ಒಟ್ಟು ಖರ್ಚಿನ ಮೇಲೆ ಶೇಕಡಾ 5 ಪೂರ್ತಿ ಕೆಲಸಕ್ಕೆ. ವಿವರ ಚಿತ್ರಗಳವರೆಗೆ ಮಾತ್ರವಾದರೆ ಶೇಕಡಾ 3.5. ನಡುವಿನ 1.5 ಎಂದರೆ ಕಟ್ಟುವಾಗ ಸ್ಥಳಕ್ಕೆ ಹೋಗಿ ನೋಡಿಕೊಳ್ಳುವ ಮೇಲ್ವಿಚಾರಣೆಯ ಕೂಲಿ.

3,000 ಡಾಲರಿನ ಮನೆಗೆ ಇದನ್ನು ಹಾಕಿ ನೋಡಿ: ಪೂರ್ತಿ ಕೆಲಸಕ್ಕೆ 150 ಡಾಲರ್, ಅದರಲ್ಲಿ ಮೇಲ್ವಿಚಾರಣೆಯದ್ದು 45. ಆ 150ರೊಳಗೆ ತಿಂಗಳುಗಟ್ಟಲೆ ಮಾತುಕತೆ, ನಕ್ಷೆ, ತಿದ್ದುಪಡಿ, ಮಾಲೀಕ–ಕಂಟ್ರಾಕ್ಟರ್ ಜಗಳ ಬಿಡಿಸುವುದು ಎಲ್ಲ ಬಂತು. ಬದುಕಲು ವರ್ಷಕ್ಕೆ ಇಂಥ ಮನೆ ಹತ್ತಾದರೂ ಬೇಕು, ಸಣ್ಣ ಊರಿನಲ್ಲಿ ಅಷ್ಟು ಸಿಗುವುದಿಲ್ಲ. ಎಷ್ಟೋ ಮಾಲೀಕರಿಗೆ 150 ಕೊಡುವುದೇ ದಂಡ, ‘ನಕ್ಷೆ ನಮ್ಮ ಮೇಸ್ತ್ರಿಯೇ ಹಾಕುತ್ತಾನೆ’ ಎನ್ನುವವರೇ ಜಾಸ್ತಿ. ಒಮ್ಮೆ ಬರೆದ ನಕ್ಷೆಯನ್ನು ನೂರು ಜನಕ್ಕೆ ಕಡಿಮೆ ಬೆಲೆಗೆ ಮಾರಿದರೆ ಎರಡೂ ಕಡೆಯವರಿಗೆ ಲೆಕ್ಕ ಕೂಡುತ್ತದೆ. ಅಂಚೆ ವ್ಯಾಪಾರದ ಮೂಲ ಇಷ್ಟೇ.

ಈ ಉಪಾಯ ಬಾರ್ಬರ್‌ನದ್ದೇ?

ಅಲ್ಲ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಪ್ಯಾಲಿಸರ್ ಸಹೋದರರು 1876ರಿಂದಲೇ ಅಂಚೆಯಲ್ಲಿ ನಕ್ಷೆ ಮಾರುತ್ತಿದ್ದರು. ಬಾರ್ಬರ್ ಮಾಡಿದ್ದು, ಮಾರಾಟವಾದ ನಕ್ಷೆಯನ್ನು ಗಿರಾಕಿ ಕೇಳಿದಷ್ಟೂ ಸಲ ತಿದ್ದಿಕೊಡುವುದನ್ನೇ ವ್ಯಾಪಾರದ ಮುಖ್ಯ ಭಾಗವಾಗಿಸಿದ್ದು. ಬದಲಾವಣೆ ಬೇಕಿದ್ದರೆ ಸಂಕೋಚವಿಲ್ಲದೆ ಮತ್ತೆ ಮತ್ತೆ ಬರೆಯಿರಿ ಎಂದು ಕ್ಯಾಟಲಾಗ್‌ನಲ್ಲೇ ಅಚ್ಚು ಹಾಕಿಸಿದ್ದ. ಬೇರೆಯವರಿಗೆ ತಲೆನೋವಾಗಿ ಕಂಡದ್ದು ಈತನಿಗೆ ಬಂಡವಾಳವಾಯಿತು.

ಮೊದಲ ಕ್ಯಾಟಲಾಗ್ ಹೇಗಿತ್ತು?

1887–88ರ ಸುಮಾರಿಗೆ ಬಂದ ‘ಕಾಟೇಜ್ ಸುವನೀರ್’ ಪುಸ್ತಕ ಎನ್ನುವುದಕ್ಕಿಂತ ಕಾರ್ಡುಗಳ ಕಟ್ಟು. ದಪ್ಪ ಕಾಗದದ ಮೇಲೆ ಅಚ್ಚಾದ 14 ವಿನ್ಯಾಸಗಳಿಗೆ ತೂತು ಹೊಡೆದು ನೂಲಿನಿಂದ ಪೋಣಿಸಿದ್ದ. 1890ರ ದಶಕದ ಆರಂಭದಲ್ಲಿ ಹೊರಬಂದ ಎರಡನೆಯದು ನಿಜವಾದ ಪುಸ್ತಕ, ಅದರಲ್ಲಿ 59 ಮನೆಗಳು. ಜೊತೆಗೆ ಕೊಟ್ಟಿಗೆ, ಚರ್ಚು, ಅಂಗಡಿಯ ಮುಂಭಾಗ, ತೋಟದ ಮಂಟಪ. ಬಾರ್ಬರ್‌ಗೆ ದೇಶದಾದ್ಯಂತ ಹೆಸರು ತಂದದ್ದು ಈ ಎರಡನೆಯದು.

ಪ್ರತಿ ವಿನ್ಯಾಸಕ್ಕೂ ಒಂದು ಸಂಖ್ಯೆ, ಮನೆ ಎದ್ದು ನಿಂತಂತೆ ಕಾಣುವ ಚಿತ್ರ, ಕೋಣೆಗಳ ಅಳತೆ ಬರೆದ ಮಹಡಿ ನಕ್ಷೆ, ಖರ್ಚಿನ ಅಂದಾಜು. ಕಟ್ಟಲು ಬೇಕಾದ ವಿವರ ಮಾತ್ರ ಇಲ್ಲ. ಅದಕ್ಕೆ ದುಡ್ಡು ಕಳಿಸಬೇಕು.

ನಾಕ್ಸ್‌ವಿಲ್‌ಗೇ ಯಾಕೆ ಬಂದ?

1888ರ ಕೊನೆಗೆ ಬಂದದ್ದು. ಆರೋಗ್ಯ ಕೆಟ್ಟಿತ್ತು, ಬೆಟ್ಟದ ಹವೆ ಒಳ್ಳೆಯದೆಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು. ಆದರೆ ಜಾಗವೂ ಕಸುಬಿಗೆ ಹೊಂದಿತು. ಊರಿನ ಪೂರ್ವಕ್ಕೆ ಹೊಸ ಬಡಾವಣೆ ಏಳುತ್ತಿತ್ತು, ಈಗ ಅದನ್ನು ಪಾರ್ಕ್‌ರಿಜ್ ಎನ್ನುತ್ತಾರೆ. ಸೈಟು ಮಾರುವವರ ಜೊತೆ ಸೇರಿ ಅಲ್ಲಿ ಸಾಲಾಗಿ ಮನೆ ವಿನ್ಯಾಸ ಮಾಡಿದ, ವಾಷಿಂಗ್ಟನ್ ಅವೆನ್ಯೂದಲ್ಲಿ ತಾನೂ ಮನೆ ಕಟ್ಟಿಕೊಂಡ. ಬಡಾವಣೆ ಮಾಲೀಕನಿಗೆ ಚೆಂದದ ನಾಲ್ಕು ಮನೆ ಎದ್ದರೆ ಉಳಿದ ಸೈಟು ಬೇಗ ಬಿಕರಿಯಾಗುತ್ತದೆ. ಆರ್ಕಿಟೆಕ್ಟ್‌ಗೆ ಕಾಗದದ ಮೇಲಿನದ್ದನ್ನು ನಿಜವಾಗಿ ಕಟ್ಟಿ, ಎಲ್ಲಿ ಎಡವುತ್ತದೆ ಎಂದು ನೋಡುವ ಅವಕಾಶ.

ಗಿರಾಕಿ ನಕ್ಷೆ ತರಿಸುತ್ತಿದ್ದದ್ದು ಹೇಗೆ?

ಪತ್ರಿಕೆಯಲ್ಲಿ ಜಾಹೀರಾತು ನೋಡಿ ಮೊದಲು ಕ್ಯಾಟಲಾಗ್ ತರಿಸುವುದು. ಆಮೇಲೆ ವಿನ್ಯಾಸದ ಸಂಖ್ಯೆ ಬರೆದು ಪತ್ರ. ಪತ್ರದಲ್ಲಿ ಇರಬೇಕಾದ್ದು: ಸೈಟಿನ ಅಗಲ–ಉದ್ದ, ಬೀದಿ ಯಾವ ದಿಕ್ಕಿಗೆ, ನೆಲ ಎತ್ತ ಇಳಿಜಾರು, ಎಷ್ಟು ಕೋಣೆ, ನೆಲಮಾಳಿಗೆ ಬೇಕೇ, ಮನೆ ಬೆಚ್ಚಗಿಡಲು ಒಲೆಯೋ ಫರ್ನೇಸೋ, ನೀರಿನ ಕೊಳಾಯಿ ಇದೆಯೇ, ಕೈಯಲ್ಲಿ ಎಷ್ಟು ದುಡ್ಡಿದೆ. ಕೊನೆಯದನ್ನು ಜನ ಕಡಿಮೆ ಮಾಡಿ ಬರೆಯುತ್ತಾರೆ ಎಂಬುದು ಕಸುಬಿನವರಿಗೆಲ್ಲ ಗೊತ್ತಿದ್ದ ಗುಟ್ಟು.

1885ರಿಂದ ಒಂದು ಔನ್ಸ್ ತೂಕದ ಪತ್ರಕ್ಕೆ 2 ಸೆಂಟ್ ಅಂಚೆ. ಆದ್ದರಿಂದ ನಾಲ್ಕೈದು ಸಲ ಪತ್ರ ಹೋಗಿ ಬಂದರೂ ಯಾರಿಗೂ ಹೊರೆಯಲ್ಲ. ಕಚೇರಿಯಿಂದ ಮೊದಲು ಬದಲಾಯಿಸಿದ ಮಹಡಿ ನಕ್ಷೆಯ ಕಚ್ಚಾ ಪ್ರತಿ ಹೋಗುತ್ತದೆ, ಗಿರಾಕಿ ಅದರ ಮೇಲೆಯೇ ಗೀಚಿ ಕಳಿಸುತ್ತಾನೆ. ಅಡುಗೆಮನೆ ದೊಡ್ಡದಾಗಲಿ, ವರಾಂಡ ಪಕ್ಕಕ್ಕೂ ಸುತ್ತಲಿ, ಗೋಪುರ ಬೇಡ. ಒಪ್ಪಿಗೆಯಾದ ಮೇಲಷ್ಟೇ ಕಟ್ಟುವ ನಕ್ಷೆ ಬರೆಯುವುದು, ಯಾಕೆಂದರೆ ದುಬಾರಿ ಭಾಗ ಅದು. ಮೊದಲೇ ಬರೆದುಬಿಟ್ಟರೆ ಪ್ರತಿ ತಿದ್ದುಪಡಿಗೂ ನಾಲ್ಕೂ ಕಡೆಯ ಎಲಿವೇಶನ್ (ಹೊರಗೋಡೆಯನ್ನು ನೇರವಾಗಿ ಎದುರಿನಿಂದ ನೋಡಿದ ಚಿತ್ರ) ಮತ್ತೆ ಬರೆಯಬೇಕಾಗುತ್ತದೆ.

ಪದೇ ಪದೇ ಆಗುತ್ತಿದ್ದ ಎಡವಟ್ಟು ಎಂದರೆ ಎಡ–ಬಲ ತಿರುಗಿಸುವುದು. ಸೈಟಿಗೆ ಹೊಂದಲೆಂದು ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಮೆಟ್ಟಿಲು ಏರುವ ಕೈ, ಬಾಗಿಲು ತೆರೆಯುವ ಕಡೆ, ಬೀಗದ ಪಕ್ಕ ಎಲ್ಲವೂ ಮಗುಚುತ್ತವೆ. ಮಹಡಿ ನಕ್ಷೆ ಮಗುಚಿ ವಿವರ ಚಿತ್ರ ಹಾಗೇ ಬಿಟ್ಟರೆ ಬಡಗಿ ಬಲಗೈ ಮೆಟ್ಟಿಲಿನ ಕಟಕಟೆ ಕಡೆದು ಎಡಗೈ ಮೆಟ್ಟಿಲಿಗೆ ತಂದು ನಿಲ್ಲಿಸುತ್ತಾನೆ.

ಒಂದು ಸೆಟ್ಟಿನಲ್ಲಿ ಏನೇನಿರುತ್ತಿತ್ತು?

ಪಾಯದ ನಕ್ಷೆ, ಪ್ರತಿ ಮಹಡಿಯ ನಕ್ಷೆ, ಚಾವಣಿಯ ನಕ್ಷೆ, ನಾಲ್ಕೂ ಕಡೆಯ ಎಲಿವೇಶನ್. ಇವು ಸಾಮಾನ್ಯವಾಗಿ ಕಾಲಿಂಚಿಗೆ ಒಂದಡಿಯ ಅಳತೆಯಲ್ಲಿ, ಎಂದರೆ 48ರಲ್ಲಿ ಒಂದು ಪಾಲು. ಜೊತೆಗೆ ಯಾವ ಮರ, ಯಾವ ಸುಣ್ಣ, ಎಷ್ಟು ಕೈ ಬಣ್ಣ ಎಂದು ಬರೆದ ಸ್ಪೆಸಿಫಿಕೇಶನ್, ಮತ್ತು ಕಂಟ್ರಾಕ್ಟಿನ ಖಾಲಿ ನಮೂನೆ.

ಇವೆಲ್ಲಕ್ಕಿಂತ ಬೆಲೆಬಾಳುವುದು ನಿಜ ಅಳತೆಯ ವಿವರ ಚಿತ್ರಗಳು. ವರಾಂಡದ ಕಂಬ, ಬ್ರಾಕೆಟ್, ಸೂರಿನ ಅಂಚು, ಕಿಟಕಿಯ ಚೌಕಟ್ಟಿನ ಅಡ್ಡಕೊಯ್ತ ಎಲ್ಲವೂ ಇದ್ದಷ್ಟೇ ದೊಡ್ಡದಾಗಿ. ಬಡಗಿ ಕಾಗದವನ್ನು ಹಲಗೆಯ ಮೇಲೆ ಹಾಸಿ, ಗೆರೆ ಇಳಿಸಿಕೊಂಡು, ಗರಗಸ ಇಟ್ಟರೆ ಸಾಕು, ಅಳತೆ ಓದಿ ಗುಣಿಸುವ ಗೋಜಿಲ್ಲ. ಬಾರ್ಬರ್‌ನ ಮನೆಗಳು ದೂರದ ಊರುಗಳಲ್ಲಿ, ಆತ ಒಮ್ಮೆಯೂ ನೋಡದ ಮೇಸ್ತ್ರಿಗಳ ಕೈಯಲ್ಲಿ, ಅಷ್ಟು ಸರಿಯಾಗಿ ಎದ್ದದ್ದಕ್ಕೆ ಈ ಕಾಗದಗಳೇ ಕಾರಣ. ಮೇಲ್ವಿಚಾರಣೆಯ ಶೇಕಡಾ 1.5ನ್ನು ಬಿಟ್ಟುಕೊಟ್ಟವನು ತಾನು ಹೋಗದ ಜಾಗಕ್ಕೆ ತನ್ನ ಕಣ್ಣನ್ನು ಕಾಗದದಲ್ಲಿ ಕಳಿಸಬೇಕಾಗಿತ್ತು.

ಅಷ್ಟೊಂದು ಪ್ರತಿಗಳನ್ನು ತೆಗೆಯುತ್ತಿದ್ದದ್ದು ಹೇಗೆ? ಜೆರಾಕ್ಸ್ ಇರಲಿಲ್ಲವಲ್ಲ!

ಬ್ಲೂಪ್ರಿಂಟ್. ಇದರ ರಸಾಯನವನ್ನು ಜಾನ್ ಹರ್ಷೆಲ್ 1842ರಲ್ಲೇ ಕಂಡುಹಿಡಿದಿದ್ದರೂ ಅಮೆರಿಕದ ಕಚೇರಿಗಳಿಗೆ ಅದು ಬಂದದ್ದು 1870ರ ದಶಕದ ನಡುವಿನಲ್ಲಿ. ಅದಕ್ಕೂ ಮೊದಲು ಪ್ರತಿಯೊಂದನ್ನೂ ಕೈಯಲ್ಲೇ ನಕಲು ಮಾಡಬೇಕಿತ್ತು, ಅದರಲ್ಲಿ ಅಳತೆಯ ಅಂಕಿ ತಪ್ಪುವುದು ಸಾಮಾನ್ಯ.

ಮಾಡುವ ಕ್ರಮ: ಮೂಲ ಚಿತ್ರವನ್ನು ಗಂಜಿ ಹಾಕಿದ ಪಾರದರ್ಶಕ ನಾರುಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆಯಬೇಕು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿದ ದ್ರಾವಣವನ್ನು ಕತ್ತಲೆಯಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಗಾಜಿನ ಚೌಕಟ್ಟಿನಲ್ಲಿ ಬಟ್ಟೆ ಮೇಲೆ, ಕಾಗದ ಕೆಳಗೆ ಇಟ್ಟು ಬಿಸಿಲಿಗೆ ಹಿಡಿಯಬೇಕು. ಬಿಸಿಲು ತಾಗಿದಲ್ಲಿ ಕಬ್ಬಿಣದ ಲವಣ ಬದಲಾಗಿ ಗಾಢ ನೀಲಿಯಾಗುತ್ತದೆ, ಶಾಯಿಯ ನೆರಳಿದ್ದಲ್ಲಿ ಹಾಗೇ ಉಳಿದು ತಣ್ಣೀರಿನಲ್ಲಿ ತೊಳೆದುಹೋಗುತ್ತದೆ. ಆದ್ದರಿಂದ ನೀಲಿ ನೆಲ, ಬಿಳಿ ಗೆರೆ.

ಬೇಸಿಗೆಯ ಬಿಸಿಲಿಗೆ ಕೆಲವೇ ನಿಮಿಷ. ಮೋಡ ಕವಿದ ಚಳಿಗಾಲದಲ್ಲಿ ಅದೇ ಪ್ರತಿಗೆ ಗಂಟೆಗಟ್ಟಲೆ ಕಾಯಬೇಕು. ಬೇಗ ತೆಗೆದರೆ ನೀಲಿ ಪೇಲವ, ತಡ ಮಾಡಿದರೆ ತೆಳು ಗೆರೆಗಳೂ ನೀಲಿಗೆ ಮುಳುಗುತ್ತವೆ. ಶಾಯಿ ಸಾಕಷ್ಟು ಕಪ್ಪಾಗಿಲ್ಲದಿದ್ದರೂ ಹಾಗೇ.

ಇನ್ನೊಂದು ತೊಡಕು: ತೊಳೆದು ಒಣಗಿದ ಕಾಗದ ಕುಗ್ಗುತ್ತದೆ, ಅದೂ ಉದ್ದಕ್ಕೊಂದು ಅಗಲಕ್ಕೊಂದು ಪ್ರಮಾಣದಲ್ಲಿ. 30 ಅಡಿಯ ಗೋಡೆಯನ್ನು ಬ್ಲೂಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಕೆಲವು ಇಂಚು ಕಡಿಮೆ ಬರಬಹುದು. ಅದಕ್ಕೇ ಬರೆದ ಅಂಕಿಯೇ ಅಂತಿಮ, ಸ್ಕೇಲಿಟ್ಟು ಅಳೆಯಬಾರದು ಎಂಬ ನಿಯಮ. ಇವತ್ತಿನ ನಕ್ಷೆಗಳ ಮೂಲೆಯಲ್ಲೂ ಈ ಸಾಲು ಉಳಿದುಕೊಂಡಿದೆ.

ಕ್ಯಾಟಲಾಗಿನ ಖರ್ಚಿನ ಅಂದಾಜನ್ನು ನಂಬಬಹುದಿತ್ತೇ?

ಹೋಲಿಸಲು ಸರಿ, ಸಾಲ ತೆಗೆಯಲು ಅಲ್ಲ. ಒಂದೇ ನಕ್ಷೆಯ ಮನೆ ಮರ ಅಗ್ಗವಿದ್ದ ಟೆನೆಸ್ಸಿಯಲ್ಲಿ ಒಂದು ಬೆಲೆ, ಮರವನ್ನು ರೈಲಿನಲ್ಲಿ ತರಿಸಬೇಕಾದ ಬಯಲು ಸೀಮೆಯಲ್ಲಿ ಇನ್ನೊಂದು. ಕೂಲಿಯೂ ಹಾಗೇ. ಚಳಿ ಹೆಚ್ಚಿರುವಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಇಳಿಸಬೇಕು, ಕಲ್ಲಿನ ಕೆಲಸವೇ ಇಮ್ಮಡಿಯಾಗುತ್ತದೆ. ಅಂದಾಜಿನ ಮೇಲೆ ಅಡುಗೆಮನೆ ಎರಡಡಿ ಹಿಗ್ಗಿಸಿ, ವರಾಂಡ ಸುತ್ತಿಸಿ, ಇನ್ನೊಂದು ಕೋಣೆ ಸೇರಿಸಿದ ಗಿರಾಕಿ ಕೊನೆಗೆ ಆರ್ಕಿಟೆಕ್ಟ್‌ನನ್ನೇ ಬೈಯುತ್ತಿದ್ದ.

ಇಡೀ ಮನೆ ರೈಲಿನಲ್ಲಿ ತುಂಡುತುಂಡಾಗಿ ಬರುತ್ತಿತ್ತಂತೆ, ನಿಜವೇ?

ಹಳೆಯ ಮನೆಗಳ ಬಗ್ಗೆ ಈ ಕಥೆ ಎಲ್ಲ ಕಡೆ ಇದೆ. ಬಾರ್ಬರ್ ಮಾರಿದ್ದು ನಕ್ಷೆ. ಮರ ಕತ್ತರಿಸಿ, ನಂಬರ್ ಹಾಕಿ, ಇಡೀ ಮನೆಯ ಕಿಟ್ ಕಳಿಸುವ ವ್ಯಾಪಾರ ಬಲಿತದ್ದು ಆಮೇಲೆ: ಮಿಷಿಗನ್‌ನ ಅಲ್ಯಾಡಿನ್ ಕಂಪನಿ 1906ರಲ್ಲಿ ಶುರುವಾಯಿತು, ಅಂಚೆ ಮಾರಾಟದ ದೊಡ್ಡ ಕಂಪನಿ ಸಿಯರ್ಸ್‌ನ ಮನೆಗಳ ಕ್ಯಾಟಲಾಗ್ 1908ರಲ್ಲಿ ಬಂತು.

ಕಥೆ ಹುಟ್ಟಲು ಕಾರಣವಿದೆ. ಬಾಗಿಲು, ಕಿಟಕಿ, ಕಡೆದ ಕಂಬ, ಕೊರೆದ ಅಲಂಕಾರ ಇವೆಲ್ಲ ಉಗಿ ಯಂತ್ರದ ಮಿಲ್ಲುಗಳಲ್ಲಿ ತಯಾರಾಗಿ ರೈಲಿನಲ್ಲೇ ಬರುತ್ತಿದ್ದವು. ಅಂಗಡಿಗಳ ಕಬ್ಬಿಣದ ಮುಂಭಾಗವನ್ನಂತೂ ಸೇಂಟ್ ಲೂಯಿಸ್‌ನ ಮೆಸ್ಕರ್ ಸಹೋದರರು ಕ್ಯಾಟಲಾಗ್ ಮೂಲಕವೇ ಮಾರುತ್ತಿದ್ದರು. ಗೂಡ್ಸ್ ಬಂಡಿಯಿಂದ ಕಂಬ, ಕಿಟಕಿ ಇಳಿಯುವುದನ್ನು ಕಂಡವರು ಮನೆಯೇ ಇಳಿಯಿತು ಎಂದರೆ ಆಶ್ಚರ್ಯವೇನು?

ಗೋಡೆಗಳು ಇಟ್ಟಿಗೆಯವೋ ಮರದವೋ?

ಹೆಚ್ಚಿನವು ಮರದವು, ಬಲೂನ್ ಫ್ರೇಮ್ ಎಂಬ ಪದ್ಧತಿ. ಹಳೆಯ ಕ್ರಮದಲ್ಲಿ ದಪ್ಪ ತೊಲೆಗಳಿಗೆ ಗೂಟ–ಕಂಡಿ ಕೊರೆದು ಕೂಡಿಸಬೇಕು, ನುರಿತ ಬಡಗಿ ಬೇಕು. ಬಲೂನ್ ಫ್ರೇಮಿನಲ್ಲಿ ಎರಡಿಂಚು–ನಾಲ್ಕಿಂಚಿನ ನೆಟ್ಟನೆಯ ಪಟ್ಟಿಗಳು ಪಾಯದಿಂದ ಸೂರಿನವರೆಗೆ ಒಂದೇ ಉದ್ದಕ್ಕೆ, ನಡುವಿನಿಂದ ನಡುವಿಗೆ 16 ಇಂಚು ಅಂತರದಲ್ಲಿ, ಬರೀ ಮೊಳೆಯಿಂದ. ಇಬ್ಬರು ಆಳು, ಒಂದು ಸುತ್ತಿಗೆ, ಒಂದು ಗರಗಸ ಇದ್ದರೆ ಗೋಡೆ ನಿಲ್ಲುತ್ತದೆ.

ಆ 16 ಇಂಚು ಸುಮ್ಮನೆ ಬಂದದ್ದಲ್ಲ. ಒಳಗೋಡೆಗೆ ಬಡಿಯುವ ತೆಳು ರೀಪು ನಾಲ್ಕಡಿ ಉದ್ದ, 48 ಇಂಚು. 16ರಂತೆ ಮೂರು ಅಂಕಣಕ್ಕೆ ಸರಿಯಾಗಿ ಕೂರುತ್ತದೆ, ಕತ್ತರಿಸಬೇಕಾಗಿಲ್ಲ. ರೀಪುಗಳ ನಡುವೆ ಕಾಲಿಂಚಿನಷ್ಟು ಸಂದು ಬಿಡುತ್ತಾರೆ. ಸುಣ್ಣ, ಮರಳು, ದನದ ಕೂದಲು ಬೆರೆಸಿದ ಗಾರೆಯನ್ನು ಒತ್ತಿದಾಗ ಅದು ಸಂದಿನಿಂದ ಹಿಂದೆ ಇಣುಕಿ, ಇಳಿಬಿದ್ದು, ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ. ಸಂದು ಕಿರಿದಾದರೆ ಹಿಡಿತವಿಲ್ಲ, ಅಗಲವಾದರೆ ಗಾರೆ ಹಿಂದಕ್ಕೇ ಉದುರುತ್ತದೆ. ಮೂರು ಕೈ ಗಾರೆ. ಮೊದಲ ಕೈ ಗಟ್ಟಿಯಾಗುವ ಮುನ್ನ ಎರಡನೆಯದನ್ನು ಎಳೆದರೆ ಗೋಡೆಯ ತುಂಬ ಬಿರುಕು. ಚಳಿಗಾಲದಲ್ಲಿ ಗಾರೆ ಹೆಪ್ಪುಗಟ್ಟಿದರೆ ವಸಂತಕ್ಕೆ ಪುಡಿಪುಡಿಯಾಗಿ ಬೀಳುತ್ತದೆ.

ಇಷ್ಟು ಗೋಪುರ, ಮಾಡು, ವರಾಂಡ ಇದ್ದ ಮನೆಗಳು ಸೋರುತ್ತಿರಲಿಲ್ಲವೇ?

ಸೋರುತ್ತಿದ್ದವು, ಈಗಲೂ ಸೋರುತ್ತವೆ. ಕ್ವೀನ್ ಆ್ಯನ್ ಎಂದು ಕರೆಯುವ ಈ ಶೈಲಿಯಲ್ಲಿ ಚಾವಣಿ ಒಂದೇ ಸಮನೆ ಇರುವುದಿಲ್ಲ. ಎರಡು ಇಳಿಜಾರು ಒಳಮುಖವಾಗಿ ಕೂಡುವ ಪ್ರತಿ ಸಂದಿಗೂ ತಗಡು ಹಾಸಬೇಕು. ದುಂಡು ಗೋಪುರ ಇಳಿಜಾರಿನೊಳಗೆ ಹೊಕ್ಕುವ ಜಾಗ ಇನ್ನೂ ಕಷ್ಟ: ಮೇಲಿನಿಂದ ಬಂದ ನೀರು ಗೋಪುರದ ಬೆನ್ನಿಗೆ ಬಡಿದು ನಿಲ್ಲುತ್ತದೆ, ಎಲೆ ಸೇರಿಕೊಳ್ಳುತ್ತದೆ, ತಗಡಿನ ಬೆಸುಗೆ ಮೊದಲು ಬಿಡುವುದು ಅಲ್ಲೇ. ಮಳೆನೀರು ಹರಿಯಲೆಂದು ಸೂರಿನ ಅಂಚಿನೊಳಗೇ ಹುದುಗಿಸಿದ ಮರದ ದೋಣಿಗಳದ್ದು ಮತ್ತೊಂದು ಗೋಳು. ಹೊರಗಿನಿಂದ ಚೆಂದ. ಒಳಗಿನ ತಗಡು ತುಕ್ಕು ಹಿಡಿದರೆ ನೀರು ಹೊರಗೆ ಕಾಣದೆ ನೇರವಾಗಿ ಗೋಡೆಯೊಳಗೆ ಇಳಿಯುತ್ತದೆ, ಗೊತ್ತಾಗುವ ಹೊತ್ತಿಗೆ ತೊಲೆಯ ತುದಿ ಕುಂಬಾಗಿರುತ್ತದೆ.

ಬಾರ್ಬರ್‌ನ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಚಾವಣಿಯ ಮಟ್ಟಿಗೆ ಆತ ಮಾಲೀಕನ ಮೊಮ್ಮಕ್ಕಳ ಖರ್ಚಿನ ಬಗ್ಗೆ ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಆರ್ಕಿಟೆಕ್ಟ್ ಬರದಿದ್ದರೆ ಕಂಟ್ರಾಕ್ಟರ್ ಮೋಸ ಮಾಡುತ್ತಿರಲಿಲ್ಲವೇ?

ಅವಕಾಶವಿತ್ತು. ಮಾಲೀಕನಿಗೆ ಇದ್ದ ಆಸರೆ ಎರಡು. ಒಂದು, ಹಂತಹಂತವಾಗಿ ಹಣ ಕೊಟ್ಟು, ಪ್ರತಿ ಕಂತಿನಲ್ಲೂ ಒಂದು ಪಾಲನ್ನು ಕೆಲಸ ಮುಗಿಯುವವರೆಗೆ ತಡೆಹಿಡಿಯುವುದು. ಎರಡು, ಪ್ರತಿ ಕಂತಿಗೂ ಮುನ್ನ ಮರದ ಮಂಡಿಯವರಿಗೂ ಆಳುಗಳಿಗೂ ಹಣ ಸಂದಿದೆ ಎಂಬ ರಸೀದಿ ಕೇಳುವುದು. ಎರಡನೆಯದನ್ನು ಮರೆತವರೇ ಸಿಕ್ಕಿಬೀಳುತ್ತಿದ್ದದ್ದು, ಯಾಕೆಂದರೆ ಅಮೆರಿಕದ ಲೀನ್ ಕಾನೂನಿನ ಪ್ರಕಾರ ಕಂಟ್ರಾಕ್ಟರ್ ಬಾಕಿ ಉಳಿಸಿಕೊಂಡರೆ ಸಾಮಾನು ಕೊಟ್ಟವರು ಮನೆಯ ಮೇಲೆಯೇ ಹಕ್ಕು ಹೂಡಬಹುದು. ಮಾಲೀಕ ಕಂಟ್ರಾಕ್ಟರ್‌ಗೆ ಪೂರ್ತಿ ಕೊಟ್ಟಿದ್ದರೂ ಅದೇ ಮರಕ್ಕೆ ಇನ್ನೊಮ್ಮೆ ಕೊಡಬೇಕಾದೀತು.

ಉಳಿದ ಆರ್ಕಿಟೆಕ್ಟರು ಇವನನ್ನು ಹೇಗೆ ಕಂಡರು?

ಅಂಗಡಿಯವನಂತೆ. ಸೈಟು ನೋಡದೆ, ಮಾಲೀಕನ ಮುಖ ನೋಡದೆ ಮನೆ ಬರೆಯುವುದು ಆರ್ಕಿಟೆಕ್ಟ್‌ನ ಕೆಲಸವಲ್ಲ ಎಂಬ ದೂರು ಅಂಚೆ ವ್ಯಾಪಾರಿಗಳೆಲ್ಲರ ಮೇಲೂ ಇತ್ತು. ದೂರಿನಲ್ಲಿ ಹುರುಳಿದೆ. ಗಾಳಿ, ಬಿಸಿಲು, ಪಕ್ಕದ ಮನೆಯ ನೆರಳು ಪತ್ರದಲ್ಲಿ ಬರುವುದಿಲ್ಲ. ಆದರೆ ಆ ಗಿರಾಕಿಗಳಲ್ಲಿ ಹೆಚ್ಚಿನವರು ಶೇಕಡಾ 5 ಕೊಟ್ಟು ಬೇರೆ ಆರ್ಕಿಟೆಕ್ಟ್‌ನನ್ನು ಹಿಡಿಯುವವರಾಗಿರಲಿಲ್ಲ. ಅವರ ಮುಂದೆ ಇದ್ದದ್ದು ಬಾರ್ಬರ್‌ನ ನಕ್ಷೆ ಅಥವಾ ನಕ್ಷೆಯೇ ಇಲ್ಲದ ಮನೆ.

ವ್ಯಾಪಾರ ಎಷ್ಟು ದೊಡ್ಡದಾಯಿತು?

1890ರ ದಶಕದಲ್ಲಿ ಥಾಮಸ್ ಕ್ಲಟ್ಸ್ ವ್ಯವಹಾರ ನೋಡಿಕೊಳ್ಳಲು ಪಾಲುದಾರನಾಗಿ ಬಂದ ಮೇಲೆ ಬಾರ್ಬರ್‌ಗೆ ವಿನ್ಯಾಸದ ಕಡೆ ಗಮನ ಕೊಡಲು ಸಾಧ್ಯವಾಯಿತು. 1895ರಲ್ಲಿ ‘ಅಮೆರಿಕನ್ ಹೋಮ್ಸ್’ ಎಂಬ ಪತ್ರಿಕೆಯನ್ನೂ ಶುರುಮಾಡಿದ, ಓದುಗರಿಗೆ ಅದು ಮನೆಗೆ ಸಂಬಂಧಿಸಿದ ಲೇಖನಗಳ ಪತ್ರಿಕೆ, ಕಚೇರಿಗೆ ಪ್ರತಿ ತಿಂಗಳೂ ಹೋಗುವ ಜಾಹೀರಾತು. 1900ರ ಹೊತ್ತಿಗೆ ಸುಮಾರು 30 ನಕ್ಷೆಗಾರರು ಮತ್ತು 20 ಮಂದಿ ಪತ್ರ ವ್ಯವಹಾರದವರು ಅಲ್ಲಿ ದುಡಿಯುತ್ತಿದ್ದರು. ಐದು ಜನರಲ್ಲಿ ಇಬ್ಬರು ಬರೀ ಪತ್ರಕ್ಕೆ! ಒಟ್ಟು ಮಾರಾಟವಾದ ನಕ್ಷೆಗಳು ಸುಮಾರು 20,000 ಎಂಬ ಅಂದಾಜಿದೆ. ಒರೆಗಾನ್‌ನ ಜಾಕ್ಸನ್‌ವಿಲ್‌ನಲ್ಲಿರುವ 1892ರ ನೂನನ್ ಮನೆ, ಫ್ಲಾರಿಡಾದ ಮೌಂಟ್ ಡೋರಾದಲ್ಲಿರುವ 1893ರ ಡಾನೆಲಿ ಮನೆ ಈಗಲೂ ನೋಡಸಿಗುವವು.

ಮತ್ತೆ ಮುಚ್ಚಿದ್ದೇಕೆ?

ರುಚಿ ಬದಲಾಯಿತು. 1893ರ ಶಿಕಾಗೋ ವಿಶ್ವ ಪ್ರದರ್ಶನದ ನಂತರ ಸಾಲು ಕಂಬದ, ಸಮತೂಕದ ಮುಖದ ಮನೆಗಳಿಗೆ ಜನ ಒಲಿದರು. ಬಾರ್ಬರ್ ಅದಕ್ಕೂ ಹೊಂದಿಕೊಂಡ, ಮುಂದಿನ ಕ್ಯಾಟಲಾಗ್‌ಗಳಲ್ಲಿ ಗೋಪುರ ಕಡಿಮೆಯಾಗಿ ಎತ್ತರದ ಕಂಬಗಳು ಹೆಚ್ಚಾದವು. 1908ರಲ್ಲಿ ಅಂಚೆ ಮಾರಾಟ ನಿಲ್ಲಿಸಿ ಊರಿನ ಕೆಲಸಗಳಿಗಷ್ಟೇ ಸೀಮಿತನಾದ. ತೀರಿಕೊಂಡದ್ದು 1915ರ ಫೆಬ್ರವರಿಯಲ್ಲಿ. ಅದೇ ವರ್ಷ ಮಗ ಚಾರ್ಲ್ಸ್ ಪಾಲುದಾರರೊಡನೆ ನಾಕ್ಸ್‌ವಿಲ್‌ನಲ್ಲೇ ತನ್ನ ಸಂಸ್ಥೆ ತೆರೆದ. ಬಾರ್ಬರ್‌ಮೆಕ್‌ಮರಿ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಅಮೆರಿಕದಲ್ಲಿ ನಾವು ಕೊಳ್ಳಲು ನೋಡುತ್ತಿರುವ ಹಳೇ ಮನೆ ‘ಬಾರ್ಬರ್ ಮನೆ’ ಎನ್ನುತ್ತಾರೆ. ಖಚಿತಪಡಿಸಿಕೊಳ್ಳುವುದು ಹೇಗೆ?

ಗೋಪುರ, ದುಂಡು ಕಮಾನು, ವರಾಂಡದ ಮೂಲೆಯಲ್ಲಿ ಮಂಟಪ ಇದ್ದ ಮಾತ್ರಕ್ಕೆ ನಂಬಬೇಡಿ, ಆ ಕಾಲದಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮುಖಕ್ಕಿಂತ ಮಹಡಿ ನಕ್ಷೆ ಹೋಲಿಸಿ. ಹೊರಗಿನ ಅಲಂಕಾರವನ್ನು ಗಿರಾಕಿಗಳು ಬದಲಾಯಿಸುತ್ತಿದ್ದರು, ಮೆಟ್ಟಿಲು, ಚಿಮಣಿ, ಹಾಲ್ ಇರುವ ಜಾಗ ಅಷ್ಟು ಸುಲಭವಾಗಿ ಬದಲಾಗದು. ಕನ್ನಡಿ ಪ್ರತಿ ಆಗಿದೆಯೇ ಎಂದೂ ನೋಡಿ. ಬೆಂಕಿ ವಿಮೆಯವರಿಗಾಗಿ ಊರಿನ ಕಟ್ಟಡಗಳನ್ನು ಗುರುತಿಸಿದ ಹಳೆಯ ಸ್ಯಾನ್‌ಬಾರ್ನ್ ನಕಾಶೆಗಳಲ್ಲಿ ಮನೆಯ ಹೊರ ಆಕಾರ ಸಿಗುತ್ತದೆ, ಆಮೇಲೆ ಸೇರಿಸಿದ ಭಾಗ ಯಾವುದೆಂದು ಅದರಿಂದ ಗೊತ್ತಾಗುತ್ತದೆ. ಅಟ್ಟದ ಮೊಳೆ ನೋಡಿ: ಚೌಕ ಕಾಂಡದ ಕತ್ತರಿಸಿದ ಮೊಳೆಯೇ ತುಂಬಿದ್ದರೆ 1890ಕ್ಕೆ ಹಿಂದಿನದ್ದಾಗಿರುವ ಸಂಭವ ಹೆಚ್ಚು, ದುಂಡು ತಂತಿಯ ಮೊಳೆಯಾದರೆ ಆಮೇಲಿನದ್ದು. ಹಳೆಯ ಬ್ಲೂಪ್ರಿಂಟೋ ಕಚೇರಿಯ ಪತ್ರವೋ ಸಿಕ್ಕರೆ ಅದಕ್ಕಿಂತ ಸಾಕ್ಷಿ ಬೇಡ.

ಕೊಳ್ಳುವ ಮುನ್ನ ಏನು ಪರೀಕ್ಷಿಸಬೇಕು?

ಮೊದಲು ನೆಲಮಾಳಿಗೆಗೆ ಇಳಿಯಿರಿ. ಬಲೂನ್ ಫ್ರೇಮಿನಲ್ಲಿ ಪಟ್ಟಿಗಳ ನಡುವಿನ ಪೊಳ್ಳು ಪಾಯದಿಂದ ಅಟ್ಟದವರೆಗೆ ಅಡೆತಡೆಯಿಲ್ಲದ ಚಿಮಣಿ ಇದ್ದಂತೆ, ಕೆಳಗೆ ಹತ್ತಿದ ಬೆಂಕಿ ನಿಮಿಷಗಳಲ್ಲಿ ಚಾವಣಿಯಲ್ಲಿರುತ್ತದೆ. ಪ್ರತಿ ಮಹಡಿಯ ಮಟ್ಟದಲ್ಲಿ ಅಡ್ಡಕಟ್ಟಿಗೆ ತುರುಕಿ ಮುಚ್ಚಿದ್ದಾರೆಯೇ ನೋಡಿ. ಪಿಂಗಾಣಿ ಗುಂಡಿಗಳ ಮೇಲೆ ಎಳೆದ ಹಳೇ ವೈರಿಂಗ್ ಉಳಿದಿದ್ದರೆ ವಿಮೆಯವರು ತಕರಾರು ಮಾಡಬಹುದು. 1978ಕ್ಕೆ ಮುಂಚಿನ ಮನೆಯಾದ್ದರಿಂದ ಬಣ್ಣದಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಹಳೇ ಬಣ್ಣವನ್ನು ಒಣದಾಗಿ ಉಜ್ಜಿಸಲೇಬೇಡಿ. ಸೂರಿನ ದೋಣಿ ಮತ್ತು ಗೋಪುರದ ಬೆನ್ನನ್ನು ಮಳೆ ಬರುವಾಗ ಅಟ್ಟದಿಂದಲೇ ನೋಡುವುದು ಒಳ್ಳೆಯದು.

ಇನ್ನು ಕಾನೂನು. ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಿಮ್ಮ ಸ್ವಂತ ದುಡ್ಡಿನ ಬದಲಾವಣೆಗೆ ಅಡ್ಡಿ ಬರುವುದಿಲ್ಲ. ಕೈ ಕಟ್ಟುವುದು ಊರಿನ ನಗರಸಭೆಯ ಪಾರಂಪರಿಕ ವಲಯದ ನಿಯಮ. ಆ ವಲಯದೊಳಗಿದ್ದರೆ ಕಿಟಕಿ, ಚಾವಣಿ, ವರಾಂಡ ಬದಲಾಯಿಸುವ ಮುನ್ನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಪ್ಲಾಸ್ಟಿಕ್ ಕಿಟಕಿಗೆ ಅಡ್ವಾನ್ಸ್ ಕೊಡುವ ಮೊದಲು ಅದನ್ನು ವಿಚಾರಿಸಿ.